ಕೊನೆಯ ಮೈಲಿಯ ಕೂಗು

ಎಪ್ಪತ್ತರ ದಶಕದ ಮಾತು. ಮೈಸೂರಿನಿಂದ ವರ್ಗವಾಗಿ ಕೇರಳದ ಕಡಲ ದಂಡೆಯ ತುಂಬಾ ಎಂಬ ಊರಿಗೆ ಬಂದು ಮೂರನೇ ವರ್ಷ. ತಿರುವನಂತಪುರದಲ್ಲಿ ಮ್ಯಾರಥಾನ್ ನಡೆಯುತ್ತದೆಂದು ಕೇಳಿದ್ದೇ ತಡ, ಓಡಿಯೇ ತೀರುತ್ತೇನೆ, ಅದೂ ಮೂರು ಗಂಟೆಯೊಳಗೆ ಎಂದು ಹಟ ಹಿಡಿದೆ. ಅದುವರೆಗೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ.

"ಮ್ಯಾರಥಾನಂತೆ! ಮೊದಲು ಹೋಗಿ ಹಾಲು ತನ್ನಿ," ಎಂದಳು ಹೆಂಡತಿ.

ಹೇಳಿಕೊಡುವವರು ಯಾರೂ ಇರಲಿಲ್ಲ. ನನಗೆ ನಾನೇ ಗುರು. ಬೆಳಕು ಹರಿಯುವ ಮುಂಚೆ ಕ್ಯಾನ್ವಾಸ್ ಶೂ ಕಟ್ಟಿ, ಅಲೆ ತೋಯಿಸಿದ ಗಟ್ಟಿ ಮರಳಿನ ಮೇಲೆ ನಿಧಾನವಾಗಿ ದೂರ ಹೋಗುವುದು, ತಿರುಗಿ ಬರುವಾಗ ಕೊನೆಯ ಮೈಲಿಯನ್ನು ಜೀವ ಬಿಟ್ಟು ಓಡುವುದು. ಇದು ನನ್ನ ಸಿದ್ಧಾಂತ. ಆ ಕೊನೆಯ ಮೈಲಿ ಮೀನುಗಾರರ ಗುಡಿಸಲುಗಳ ನಡುವೆ ಹಾದುಹೋಗುತ್ತಿತ್ತು.

ನಾನು ಬಂದೊಡನೆ ಅಲ್ಲಿ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಒಂದಾದ ಮೇಲೆ ಒಂದು. ಹೆಂಗಸರು ಹೊರಬಂದು ಬಾಯಿಗೆ ಕೈ ಒತ್ತಿಕೊಂಡು ನಿಲ್ಲುತ್ತಿದ್ದರು. ನಗುವಿಲ್ಲ, ಮಾತಿಲ್ಲ. ದಾಟಿ ಹೋದ ಮೇಲೂ ಹಿಂದಿನಿಂದ ಒಂದು ಸದ್ದಿಲ್ಲ. ಬೆನ್ನು ಜುಮ್ಮೆನ್ನುತ್ತಿತ್ತು. ಆದರೂ ಮನೆಯಲ್ಲಿ ಜಂಬಕ್ಕೇನೂ ಕಡಿಮೆಯಿರಲಿಲ್ಲ.

"ನನ್ನ ಓಟ ನೋಡೋಕೆ ಊರಿಗೆ ಊರೇ ಎದ್ದು ನಿಲ್ಲುತ್ತೆ ಕಣೇ!"

"ಯಾರೋ ಹುಚ್ಚ ಅಂದ್ಕೊಂಡಿರ್ತಾರೆ ಬಿಡಿ."

ಒಂದು ಬೆಳಿಗ್ಗೆ ಒಬ್ಬ ಮುದುಕಿ ಅಡ್ಡ ಬಂದು ನನ್ನ ಬನಿಯನ್ ಹಿಡಿದುಕೊಂಡಳು. ಅಲ್ಲಿನವರೆಲ್ಲ ಅಮ್ಮಚ್ಚಿ ಎನ್ನುತ್ತಿದ್ದ ಹೆಂಗಸು. "ಆರಾ?" ಎಂದಳು. ಯಾರು ಎಂದು. ನಾನು ಏದುಸಿರು ಬಿಡುತ್ತ ನನ್ನ ಹೆಸರು, ಆಫೀಸು ಎಲ್ಲ ಒಪ್ಪಿಸಿದೆ. ಅವಳು ಕಣ್ಣು ಕಿತ್ತುಬರುವ ಹಾಗೆ ನೋಡಿ, ಎದೆ ಬಡಿದುಕೊಂಡು ಬೈದದ್ದು ನನ್ನ ಹರಕು ಮಲಯಾಳಕ್ಕೂ ಅರ್ಥವಾಯಿತು. ಗಂಡಸರು ಕಡಲಿಗೆ ಹೋದ ಹೊತ್ತಿನಲ್ಲಿ ಆ ದಡದಲ್ಲಿ ಯಾರೂ ಓಡುವುದಿಲ್ಲ. ಓಡಿ ಬರುವವನು ಸಾವಿನ ಸುದ್ದಿ ತರುವವನೇ. ಅವಳು ಕೇಳಿದ್ದು ಸತ್ತವನು ಯಾರೆಂದು. ಅಷ್ಟು ದಿನವೂ ಅವರು, ನಾನು ಯಾರ ಮನೆ ಮುಂದೆ ನಿಲ್ಲುತ್ತೇನೋ ಎಂದು ಕಾಯುತ್ತಿದ್ದರಂತೆ. ನನ್ನ ಜಂಬ ಅಲ್ಲೇ ಠುಸ್ಸೆಂದಿತು.

"ಓಡಲೇಬೇಕಾದರೆ ಓಡಿ ಸಾರೇ. ದೂರದಿಂದಲೇ 'ಒನ್ನುಮಿಲ್ಲ' ಅಂತ ಕೂಗಿಕೊಂಡು ಬನ್ನಿ," ಎಂದಳು. ಏನೂ ಇಲ್ಲ ಎಂದು.

ಮಾರನೆಯ ದಿನದಿಂದ ಕೂಗಿದೆ. "ಒನ್ನುಮಿಲ್ಲಾ!" ಬಾಗಿಲುಗಳು ಮುಚ್ಚಿಯೇ ಇರುತ್ತಿದ್ದವು. ಒಳಗೆ ನಗು, ಪಾತ್ರೆಗಳ ಸದ್ದು. "ಗಂಟಲಿಗೇನಾಯ್ತು ಸಾರೇ, ಜೋರಾಗಿ!" ಎಂದು ಅಮ್ಮಚ್ಚಿ ಛೇಡಿಸುತ್ತಿದ್ದಳು. ಅವಳಿಗಿದ್ದವನು ಒಬ್ಬನೇ ಮಗ. ದಡದಿಂದಲೇ ಗುರುತು ಸಿಗಲೆಂದು ಅವನ ಕಟ್ಟುಮರದ, ಅಂದರೆ ದಿಮ್ಮಿಗಳನ್ನು ಬಿಗಿದ ತೆಪ್ಪದ, ಮೂತಿಗೆ ಕೆಂಪು ಬಟ್ಟೆಯ ತುಂಡು ಕಟ್ಟಿದ್ದಳು. ನನಗೆ ಆ ಮುದುಕಿಯ ಮೇಲೆ ಪ್ರೀತಿ ಹುಟ್ಟಿತ್ತು.

ಮಳೆಗಾಲ ಹತ್ತಿರವಾದಾಗ ಒಂದು ಬೆಳಿಗ್ಗೆ, ನಾನು ತಿರುಗುವ ಜಾಗದಲ್ಲಿ ಒಂದು ಕಟ್ಟುಮರ ಅಲೆಗೆ ಹೊರಳುತ್ತಿತ್ತು. ಆಳಿಲ್ಲ, ಹುಟ್ಟಿಲ್ಲ. ಮೂತಿಯಲ್ಲಿ ಕೆಂಪು ಬಟ್ಟೆ. ಅಯ್ಯೋ ದೇವರೇ ಎಂದುಕೊಂಡೆ. ಗಂಟಲು ಹರಿಯುವಂತೆ ಕೂಗಿದರೂ ಓಗೊಡುವವರಿಲ್ಲ. ಅವನು ಎಲ್ಲೋ ಈಜುತ್ತಿರಬಹುದು, ಕೂಡಲೇ ದೋಣಿ ಹೊರಡಿಸಬೇಕು. ನನ್ನ ಮಲಯಾಳವನ್ನು ನಂಬಿಕೊಳ್ಳುವ ಹಾಗಿರಲಿಲ್ಲ. ಆ ಕೆಂಪು ಬಟ್ಟೆಯ ತುಂಡನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಓಡಿದೆ. ಮುಂದೆ ಮ್ಯಾರಥಾನನ್ನು ಮೂರು ಗಂಟೆಯೊಳಗೇ ಮುಗಿಸಿದೆ, ಆದರೆ ಆ ಬೆಳಗಿನ ವೇಗ ನನ್ನ ಕಾಲಿಗೆ ಮತ್ತೆಂದೂ ಬರಲಿಲ್ಲ.

ಗುಡಿಸಲುಗಳು ಕಂಡವು. ಅಭ್ಯಾಸಬಲದಿಂದ ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿದೆ. ಬರೀ ಹೆಜ್ಜೆಯ ಸಪ್ಪಳ. ಒಳಗೆ ಪಾತ್ರೆಗಳ ಸದ್ದು ನಿಂತಿತು. ಮೊದಲ ಬಾಗಿಲು ತೆರೆಯಿತು, ಆಮೇಲೆ ಅದರ ಪಕ್ಕದ್ದು. ಹೆಂಗಸರು ಮೊದಲಿನಂತೆಯೇ ಬಾಯಿಗೆ ಕೈ ಒತ್ತಿ ನಿಂತರು. ನಾನು ದಾಟಿದ ಒಂದೊಂದು ಬಾಗಿಲಲ್ಲೂ ಉಸಿರು ಬಿಟ್ಟದ್ದು ಕೇಳಿಸುತ್ತಿತ್ತು.

ಅಮ್ಮಚ್ಚಿಯ ಮುಂದೆ ನಿಂತೆ.

"ಆರಾ?" ಎಂದಳು.

ಅಷ್ಟು ತಿಂಗಳು ಅವಳ ಬಾಗಿಲಲ್ಲಿ ಕೂಗಿಕೊಂಡು ಓಡಿದವನಿಗೆ ಅವಳ ಮಗನ ಹೆಸರೇ ಗೊತ್ತಿರಲಿಲ್ಲ. ಮುಷ್ಟಿ ಬಿಚ್ಚಿದೆ.