ಮಡಿಲಕ್ಕಿ ಹೊತ್ತು ಬೆಂಗಳೂರಿಗೆ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಇಬ್ಬರು, ನಾನು ಮತ್ತು ನನ್ನ ತಂಗಿ. ಅಮ್ಮನನ್ನು ಕೇಳಿದರೆ ಮಾತ್ರ ಮೂವರು. ಆ ಮೂರನೆಯವಳು ಕಲ್ಲು. ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಮುಚ್ಚಿಡುವುದೇನಿದೆ.

ನಮ್ಮದು ಶಿವಾರಪಟ್ಟಣ. ಅಪ್ಪ ವಿಗ್ರಹ ಕೆತ್ತುತ್ತಾನೆ. ಬೆಂಗಳೂರಿನ ಹೊಸ ಬಡಾವಣೆಯೊಂದರ ದೇವಸ್ಥಾನಕ್ಕೆಂದು ಅವನು ಕೆತ್ತಿದ ಅಮ್ಮನವರ ವಿಗ್ರಹ ಮಳೆಗಾಲದಿಂದ ಬೇಸಿಗೆಯವರೆಗೆ ನಮ್ಮ ಶೆಡ್ಡಿನಲ್ಲೇ ಇತ್ತು. ಅಮ್ಮ ಗೌನಿಪಲ್ಲಿ ಕಡೆಯವಳು. ತೆಲುಗು ಮಾತಾಡಿಕೊಂಡು ಬೆಳೆದವಳಾದ್ದರಿಂದ ಮುದ್ದು ಬಂದರೆ ಬಾಯಲ್ಲಿ ತೆಲುಗೇ ಬರುತ್ತದೆ. ನನಗೆ ಬೆಳಗಾಗೆದ್ದರೆ "ಏ ಕತ್ತೆ, ಏಳೇ". ಆ ಕಲ್ಲಿಗೆ "ಬಂಗಾರು ತಲ್ಲಿ", ಬಂಗಾರದಂಥ ತಾಯಿ. ಅಪ್ಪನಿಗೆ ಟೀ ಕೊಡಲು ಹೋದವಳು ಸೆರಗಿನಿಂದ ಅದರ ಮುಖದ ಧೂಳು ಒರೆಸಿ, ಇವತ್ತು ಏನು ಸಾರು ಎಂಬುದನ್ನೂ ತಿಳಿಸಿ ಬರುತ್ತಿದ್ದಳು. ಅಪ್ಪ ಉಳಿ ಕೆಳಗಿಟ್ಟು "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನೀನು ಹೆರದೇನೇ ಹಿಂಗೆ" ಎಂದು ನಗುತ್ತಿದ್ದ.

ಟೆಂಪೊ ಬಂದ ದಿನ ಅಮ್ಮ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಹಸಿರು ಬಳೆ ಇಟ್ಟುಕೊಂಡು ಬಂದಳು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ, ಹುಲ್ಲು ಸುತ್ತಿ ಮಲಗಿಸಿದ್ದ ಆ ಕಲ್ಲಿಗೆ ಮಡಿಲು ತುಂಬಿದಳು. ಮಡಿಲು ತುಂಬಿಸಿಕೊಂಡ ಹೆಣ್ಣು ಹೊರಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ತೌರಿನ ಮೊರಕ್ಕೆ ವಾಪಸು ಹಾಕಬೇಕು, ತೌರು ಬರಿದಾಗಬಾರದು ಎಂದು. ಕಲ್ಲು ಎಲ್ಲಿಂದ ಹಾಕೀತು? ಟೆಂಪೊ ತಿರುವಿನಲ್ಲಿ ಮರೆಯಾಯಿತು. ಅಮ್ಮ ಖಾಲಿ ಮೊರ ಹಿಡಿದು ನಿಂತೇ ಇದ್ದಳು.

"ಹಿಡಿ ಅಕ್ಕಿ ಹಾಕ್ದೇ ಹೋದ್ಳಲ್ಲೇ" ಎಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಅವಳಿಗೆ ಇನ್ನೊಂದು ಕೊರಗೂ ಇತ್ತು. ವಿಗ್ರಹಕ್ಕೆ ಕಣ್ಣು ಬಿಡಿಸುವುದು ಶೆಡ್ಡಿನಲ್ಲಲ್ಲ, ದೇವಸ್ಥಾನದಲ್ಲಿ, ಪ್ರತಿಷ್ಠೆಯ ಹೊತ್ತಿಗೆ. ಅಪ್ಪ ಒಬ್ಬನೇ ಹೋಗಿ ಚಿನ್ನದ ಸೂಜಿಯಲ್ಲಿ ಕಣ್ಣು ಬಿಡಿಸಿ ಬಂದ. ಕಣ್ಣು ಬಿಟ್ಟ ಆ ಮುಖವನ್ನು ಅಮ್ಮ ನೋಡಿಯೇ ಇರಲಿಲ್ಲ. ಹಾಗಾಗಿ ದೀಪಾವಳಿ ಕಳೆದ ಮೇಲೆ ತಂಗಿ ಮೆಟ್ರೊ ಹತ್ತಬೇಕು, ಬೆಂಗಳೂರು ನೋಡಬೇಕು ಎಂದು ಹಟ ಹಿಡಿದಾಗ, ಯಾವತ್ತೂ ಇಲ್ಲದ್ದು, ಅಮ್ಮ ತಕ್ಷಣ ಹೂಂ ಅಂದಳು. ಅವಳ ಬೆಂಗಳೂರು ಯಾವುದೆಂದು ನಮಗೆಲ್ಲ ಗೊತ್ತಿತ್ತು.

"ಬಾ, ಬೇಡ ಅನ್ನಲ್ಲ. ಆದ್ರೆ ಅಲ್ಲಿ ಹೋಗಿ ನಮ್ಮ ಮಗಳು ಗಿಗಳು ಅನ್ಬೇಡ" ಎಂದ ಅಪ್ಪ. "ಕಣ್ಣು ಬಿಡಿಸಿದ ಮೇಲೆ ಮುಗೀತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು."

ಮಾಲೂರಿನಲ್ಲಿ ರೈಲು ಹತ್ತಿದಾಗ ಹೊರಗೆ ಇಬ್ಬನಿ ಇನ್ನೂ ಕರಗಿರಲಿಲ್ಲ. ನೀಲಗಿರಿ ತೋಪುಗಳು, ಇಟ್ಟಿಗೆ ಗೂಡುಗಳು, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು ಅರೆನಿದ್ದೆಯಲ್ಲಿ ಬಂದು ಅರೆನಿದ್ದೆಯಲ್ಲೇ ಹೋದವು. ಎಲ್ಲಿ ಊರು ಮುಗಿದು ಬೆಂಗಳೂರು ಶುರುವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಎಲ್ಲ ಕಡೆ ಗಾಜಿನ ಗೋಡೆಗಳು, ಗಾಜಿನಲ್ಲಿ ಮೋಡ. ಅಮ್ಮನ ತೊಡೆಯ ಮೇಲೆ ಹಳದಿ ಬಟ್ಟೆಯ ಗಂಟು. ಮತ್ತೆ ಮಡಿಲಕ್ಕಿ.

ಮೆಟ್ರೊ ನಿಲ್ದಾಣದಲ್ಲಿ ಎಲ್ಲರ ಚೀಲವೂ ಮಿಷನ್ನಿನೊಳಗೆ ಹೋಗಬೇಕು. ಅಮ್ಮ ಗಂಟನ್ನು ಎದೆಗವಚಿಕೊಂಡು ಕೊಡಲೊಲ್ಲೆ ಎಂದು ನಿಂತಳು. ಹಿಂದೆ ಸಾಲು ಬೆಳೆಯಿತು, ನನ್ನ ಮಾನ ಹೋಯಿತು.

"ಏನಮ್ಮಾ ಅದು?" ಎಂದು ಕಾವಲಿನ ಹೆಂಗಸು ಕೇಳಿದಳು.

"ಮಗಳಿಗೆ ಮಡಿಲಕ್ಕಿ ಕಣಮ್ಮಾ."

ಆ ಹೆಂಗಸಿನ ಬಿಗಿದ ಮುಖ ಸಡಿಲವಾಯಿತು. "ಒಳಗಿಟ್ರೆ ಏನೂ ಆಗಲ್ಲ, ನಾನೇ ಆ ಕಡೆ ಎತ್ಕೊಡ್ತೀನಿ. ಇಲ್ಲೇ ಕೊಟ್ಟಿದ್ದೀರಾ ಮಗಳನ್ನ?"

"ಹೂಂ. ಒಳ್ಳೇ ಕಡೆ ಸೇರಿದ್ದಾಳೆ" ಎಂದಳು ಅಮ್ಮ. ಅಪ್ಪ ಮೇಲಿನ ಛಾವಣಿ ನೋಡುತ್ತಿದ್ದ.

ಆಮೇಲಿನದೆಲ್ಲ ನನಗೆ ತುಂಡು ತುಂಡಾಗಿ ನೆನಪಿದೆ. ವಿಧಾನಸೌಧದ ಎದುರು ಅಪ್ಪ ಕಂಬಿಯಾಚೆಯಿಂದಲೇ ಕಲ್ಲುಗಳನ್ನು ಒಂದೊಂದಾಗಿ ನೋಡಿದ್ದು. ಮೆಟ್ರೊ ಮನೆಗಳ ಮೇಲೆ ಸಾಗುವಾಗ ಯಾರದೋ ತಾರಸಿಯಲ್ಲಿ ಒಣಹಾಕಿದ ಸೀರೆ ನಮ್ಮ ಜೊತೆಗೇ ಸ್ವಲ್ಪ ದೂರ ಬಂದಂತೆ ಅನಿಸಿದ್ದು. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕಿರುತ್ತಾರೆ ಎಂದು ಲಾಲ್‌ಬಾಗಿನಲ್ಲಿ ಕೂತೆವು. ಚಿತ್ರಾನ್ನ ತಿಂದು ಅಪ್ಪ, ತಂಗಿ, ನಾನು ದೊಡ್ಡ ಮರದ ಬುಡದಲ್ಲಿ ಮಲಗಿದೆವು. ಎಲೆಗಳ ಮೇಲೆ ಬಿಸಿಲು, ಅದರಾಚೆ ಎಲ್ಲೋ ಊರಿನ ಗದ್ದಲ, ಅದೂ ಜೋಗುಳದ ಹಾಗೆ. ಎಚ್ಚರವಾದಾಗಲೆಲ್ಲ ಅಮ್ಮ ಗಂಟು ಹಿಡಿದು ಕೂತೇ ಇದ್ದಳು. ತುಟಿ ಅಲುಗುತ್ತಿತ್ತು. ಏನು ಮಾತಾಡಬೇಕೆಂದು ಅಭ್ಯಾಸ ಮಾಡುತ್ತಿದ್ದಳೋ ಏನೋ. ನನಗೆ ಆ ಕಲ್ಲಿನ ಮೇಲೆ ಮತ್ತೆ ಸಿಟ್ಟು ಬಂತು. ರಜೆಗೆ ನಾನು ಹಾಸ್ಟೆಲಿನಿಂದ ಬರುವಾಗ ಅಮ್ಮ ಬಸ್‌ಸ್ಟಾಂಡಿಗೂ ಬಂದವಳಲ್ಲ.

ಸಂಜೆ ದೇವಸ್ಥಾನದ ಗಂಟೆ ಬಾರಿಸಿದಾಗ ನಾವೇ ಮೊದಲು ಒಳಗೆ ಹೋದೆವು. ಪರದೆ ಸರಿಯಿತು. ಅಮ್ಮ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತಳು.

ಮುಖವಿರಬೇಕಾದಲ್ಲಿ ಬೆಳ್ಳಿ ಇತ್ತು. ಬೆಳ್ಳಿಯ ಮುಖವಾಡ, ಅದಕ್ಕೆ ಅದರದೇ ಅಗಲವಾದ ಕಣ್ಣು. ಮಿಕ್ಕಿದ್ದೆಲ್ಲ ರೇಷ್ಮೆಸೀರೆ, ಹೂವು. ನಮ್ಮ ಶೆಡ್ಡಿನ ಕಲ್ಲು ಕಾಣುತ್ತಿದ್ದುದು ಒಂದೇ ಕಡೆ, ಕೆಳಗೆ ಚಾಚಿದ ವರದಹಸ್ತ. ಕಪ್ಪು ಅಂಗೈ.

ಅಮ್ಮ ತುದಿಗಾಲ ಮೇಲೆ ನಿಂತಳು, ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು. ಬೆಳ್ಳಿಯ ಪಕ್ಕದಲ್ಲೆಲ್ಲಾದರೂ ಒಂದು ಎಳೆ ಮುಖ ಕಂಡೀತೇ ಎಂದು. ನನಗೆ ತಡೆಯಲಾಗಲಿಲ್ಲ.

"ಸ್ವಾಮಿ, ಆ ಮುಖವಾಡ ಒಂದು ನಿಮಿಷ ತೆಗೆಯೋಕಾಗಲ್ವಾ? ನಮ್ಮಮ್ಮ ಅಷ್ಟು ದೂರದಿಂದ ಬಂದಿದ್ದಾರೆ."

"ಅಲಂಕಾರ ಆದ ಮೇಲೆ ತೆಗೆಯೋ ಹಾಗಿಲ್ಲಮ್ಮ. ಶುಕ್ರವಾರ ಬೆಳಗ್ಗೆ ಅಭಿಷೇಕಕ್ಕೆ ಬನ್ನಿ, ಚೆನ್ನಾಗಿ ಕಾಣ್ತಾಳೆ ತಾಯಿ."

ಆ ವಿಗ್ರಹ ಕೆತ್ತಿದವನು ಇಲ್ಲೇ ನಿಂತಿದ್ದಾನೆ ಎಂದು ಹೇಳಲು ಬಾಯಿ ತೆರೆದೆ. ಅಪ್ಪ ನನ್ನ ತೋಳು ಹಿಡಿದು ಮೆಲ್ಲಗೆ ತಲೆ ಅಲ್ಲಾಡಿಸಿದ. ಅವನ ಕಣ್ಣೂ ಕೆಂಪಾಗಿತ್ತು. ಅಮ್ಮ ಗಂಟನ್ನು ಅರ್ಚಕರ ತಟ್ಟೆಯಲ್ಲಿಟ್ಟಳು.

ಅವರು ಅದನ್ನು ಬಿಚ್ಚಿ, ಬಳೆ, ಕೊಬ್ಬರಿ ತೆಗೆದಿಟ್ಟು, ಅಕ್ಕಿಯನ್ನು ಆ ಕಪ್ಪು ಅಂಗೈಗೆ ಮುಟ್ಟಿಸಿ ಪಾದದ ಬಳಿ ಸುರಿದರು. ಮಂತ್ರ ಹೇಳಿ ಹೊರಗೆ ಬಂದರು. ಮುಷ್ಟಿ ಮುಂದೆ ಚಾಚಿ, ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾರೋ ಅದೇ ದನಿಯಲ್ಲಿ ಹೇಳಿದರು.

"ಸೆರಗು ಹಿಡೀರಿ ತಾಯಿ."

ಅಮ್ಮನ ಸೆರಗಿಗೆ ಒಂದು ಹಿಡಿ ಅಕ್ಕಿ ಬಿತ್ತು.

ಅಮ್ಮ ಅಕ್ಕಿಯನ್ನೇ ನೋಡಿದಳು. ಆಮೇಲೆ ಅಲ್ಲೇ, ಎಲ್ಲರ ಮುಂದೆ, ಬಿಕ್ಕಿ ಬಿಕ್ಕಿ ಅತ್ತಳು. ಅರ್ಚಕರು ಗಾಬರಿಯಾಗಿ ತೀರ್ಥ ಕೊಟ್ಟರು. ತಂಗಿಗೆ ಏನೂ ತಿಳಿಯದೆ ಅವಳೂ ಅತ್ತಳು. ನನಗೆ ತಿಳಿದಿತ್ತು, ನಾನೂ ಅತ್ತೆ.

ವಾಪಸು ರೈಲಿನಲ್ಲಿ ಅಪ್ಪ ತಡವರಿಸಿಕೊಂಡು ಕೇಳಿದ. "ಮುಖ ನೋಡಕ್ಕಾಗಲಿಲ್ಲ. ಬೇಜಾರಾಯ್ತೇನೇ?"

"ಬೇಜಾರಿಲ್ದೇ ಇರತ್ತಾ? ಆದ್ರೆ ಗಂಡನ ಮನೆಯೋರು ಬೆಳ್ಳಿ ಹಾಕಿದ್ದಾರೆ. ತೆಗೀರಿ ಅಂತ ತೌರಿನೋರು ಹೇಳಕ್ಕಾಗತ್ತೇನ್ರೀ" ಎಂದಳು ಅಮ್ಮ. ಸೆರಗಿನ ತುದಿಯ ಗಂಟನ್ನು ಮುಟ್ಟಿ ನೋಡಿಕೊಂಡಳು. ಕಿಟಕಿಯಾಚೆ ದೀಪಗಳು ತೇಲಿಹೋಗುತ್ತಿದ್ದವು. ಅವಳು ನನ್ನ ಕಡೆ ತಿರುಗಿದಳು. "ನೋಡ್ದ್ಯಾ? ಕೊಟ್ಟಳು."

"ನಾನು ಎರಡು ಹಿಡಿ ಹಾಕ್ತೀನಿ ಬಿಡು" ಎಂದೆ ನಾನು. ಅಳು ನಿಂತಿದ್ದರೂ ಹೊಟ್ಟೆಕಿಚ್ಚು ನಿಂತಿರಲಿಲ್ಲ.

ಆ ಅಕ್ಕಿಯನ್ನು ಅಮ್ಮ ಮನೆಯ ಅಕ್ಕಿ ಡಬ್ಬಕ್ಕೆ ಬೆರೆಸಿದಳು. ಕೆಲವು ವರ್ಷದ ಮೇಲೆ ಅದೇ ಡಬ್ಬದಿಂದ ಅಳೆದು ನನಗೂ ಮಡಿಲು ತುಂಬಿದಳು. ಹೊರಡುವಾಗ ಮಾತಿನಂತೆ ಎರಡು ಹಿಡಿ ಮೊರಕ್ಕೆ ಹಾಕಿದೆ. ಮೂರನೆಯದಕ್ಕೆ ಕೈ ಹಾಕಿದಾಗ ಅಮ್ಮ ನನ್ನ ಮುಷ್ಟಿ ಹಿಡಿದುಕೊಂಡಳು.

"ಸಾಕು ಕಣೇ, ಬಂಗಾರು ತಲ್ಲಿ. ನಿಂಗೂ ಇರ್ಲಿ."