ಮಾದೇವನ ಅಂಗೈ

ಹಾವಸೆಗೆ ನಾಚಿಕೆ ಎಂಬುದಿಲ್ಲ. ಈ ವರ್ಷ ತಿಕ್ಕಿ ತೊಳೆದು ಕಳಿಸಿದರೆ ಬರುವ ಮಳೆಗಾಲಕ್ಕೆ ಕರೆಯದ ನೆಂಟನ ಹಾಗೆ ಅದೇ ಕಲ್ಲಿನ ಮೇಲೆ, ಅದೇ ಮೂಲೆಯಲ್ಲಿ ಬಂದು ಕೂರುತ್ತದೆ. ಹನ್ನೊಂದು ವರ್ಷದಿಂದ ನನ್ನ ಭಾವ ಮಾದೇವ ಅದನ್ನು ಕಳಿಸುತ್ತಲೇ ಇದ್ದಾನೆ, ಅದು ಬರುತ್ತಲೇ ಇದೆ. ಇಬ್ಬರಲ್ಲಿ ಯಾರು ಮೊದಲು ಸೋಲುತ್ತಾರೆ ಎಂದು ಕೇಳಿದರೆ ನಾನು ಹಾವಸೆಯ ಕಡೆಗೇ ಬಾಜಿ ಕಟ್ಟುತ್ತೇನೆ.

ನಾನು ಉಲ್ಲಾಸ, ಅವನ ಹೆಂಡತಿ ರೋಹಿಣಿಯ ತಮ್ಮ. ಗೂಡ್ಸ್ ಗಾಡಿ ನನ್ನದು, ಮಷಿನ್ ಅವನದು. ಹಿಂದೆ ಐನೂರು ಲೀಟರಿನ ನೀರಿನ ಟ್ಯಾಂಕು, ಪ್ರೆಶರ್ ಮಷಿನ್, ನೂರಡಿ ಪೈಪು, ಎರಡು ಬುಟ್ಟಿ ತುಂಬ ಬ್ರಶ್ಶು ಮತ್ತು ಪಾಲಿಶ್ ಪೇಪರು ಹೇರಿಕೊಂಡು ಬೆಳಿಗ್ಗೆ ಆರೂವರೆಗೆ ಸಿದ್ದಾಪುರ ಕಡೆಯ ನಮ್ಮೂರು ಕೋಲಸಿರ್ಸಿಯಿಂದ ಹೊರಟರೆ ಒಂದು ದಿನ ಸಿರ್ಸಿ, ಒಂದು ದಿನ ಯಲ್ಲಾಪುರ. ಮಳೆ ನಿಂತ ಮೇಲೆ ಶುರುವಾಗುವ ಈ ಓಡಾಟ ಮುಂದಿನ ಮಳೆ ಬರುವವರೆಗೆ ಬಿಡುವುದಿಲ್ಲ. ಅಂಗಳ, ಕಂಪೌಂಡು, ಹಂಚು, ಮೆಟ್ಟಿಲು, ಬಾವಿಕಟ್ಟೆ ಎಲ್ಲವನ್ನೂ ತೊಳೆಯುತ್ತೇವೆ. ದೀಪಾವಳಿಯ ಹಿಂದಿನ ವಾರ ಮೂರು ತಾಲೂಕಿನವರಿಗೂ ಒಟ್ಟಿಗೇ ತಮ್ಮ ಅಂಗಳದ ಮೇಲೆ ಪ್ರೀತಿ ಹುಟ್ಟುತ್ತದೆ. ಆ ವಾರ ನಾವಿಬ್ಬರೂ ಒದ್ದೆ ಬಟ್ಟೆಯಲ್ಲೇ ಉಂಡು ಒದ್ದೆ ಬಟ್ಟೆಯಲ್ಲೇ ಜಗಳವಾಡುತ್ತೇವೆ.

ಒಮ್ಮೆ ನಂದೊಳ್ಳಿಯಲ್ಲಿ ಒಬ್ಬರು ತುಳಸಿಕಟ್ಟೆ ಮಾತ್ರ ತೊಳೆದರೆ ಸಾಕು ಎಂದರು. ತೊಳೆದೆವು. ಕಟ್ಟೆ ಬೆಳ್ಳಗಾಗಿ ಅಂಗಳ ಕರ್ರಗೆ ಕಾಣಿಸಿತು. ಅಂಗಳ ತೊಳೆದ ಮೇಲೆ ಗೋಡೆ ಕೊಳಕಾಗಿ ಕಾಣಿಸಿತು. ಮೂರನೆಯ ದಿನ ಮನೆಯಾಕೆ ಗಂಡನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಇವರನ್ನೂ ತೊಳೆಯಲು ಹೇಳುತ್ತಾರೋ ಏನೋ ಎಂದು ನಾನು ಬೇಗ ಪೈಪು ಸುತ್ತಿದೆ.

ಮಾದೇವನಿಗೆ ಹೆಸರು ಬಂದದ್ದು ಮಾತ್ರ ಕಲ್ಲು ತೊಳೆದಲ್ಲ, ಮರ ತೊಳೆದು. ಹರೆಯದಲ್ಲಿ ಆಚಾರಿಯೊಬ್ಬರ ಕೈಕೆಳಗೆ ತೋಪಡಾ ಹೊಡೆದು ಮರ ನುಣುಪು ಮಾಡಿದವನು. ಆಮೇಲೆ ಆರು ವರ್ಷ ಗೋವಾದ ಹೋಟೆಲೊಂದರಲ್ಲಿ ಸಮುದ್ರದ ಉಪ್ಪುಗಾಳಿಗೆ ಬೂದು ಹಿಡಿದ ಹಲಗೆ ಜಗಲಿಗಳನ್ನು ತೊಳೆದು, ಉಜ್ಜಿ, ಎಣ್ಣೆ ಕುಡಿಸಿ ಹೊಸದು ಮಾಡುವ ಕೆಲಸ. ಅಲ್ಲಿ ಅದಕ್ಕೆ ಡೆಕ್ ಎನ್ನುತ್ತಾರೆ. ಈಗ ನಮ್ಮ ಕಡೆಯೂ ಹೋಂಸ್ಟೇಯವರು, ಹೊಸ ಮನೆಯವರು ಹಿತ್ತಲ ಕಡೆಗೊಂದು ಹಲಗೆ ಜಗಲಿ ಹೊಡೆಸುತ್ತಾರೆ. ಎರಡು ಮಳೆಗೆ ಅದು ಕಪ್ಪಾಗಿ ಜಾರತೊಡಗಿದರೆ ಮಾದೇವನಿಗೆ ಫೋನು ಬರುತ್ತದೆ.

ಮರಕ್ಕೆ ನೀರು ಹೊಡೆಯುವುದು ಕಲ್ಲಿಗೆ ಹೊಡೆದಂತಲ್ಲ. ನೀರು ಚಿಮ್ಮುವ ಗನ್ನು ಒಂದು ಗೇಣಿಗಿಂತ ಹತ್ತಿರ ಹೋದರೆ ಮರದ ಎಳೆ ಎದ್ದು ಸಿಬಿರಾಗಿ ನಿಲ್ಲುತ್ತದೆ. ದೂರವಾದರೆ ಹಾವಸೆ ನಗುತ್ತ ಕೂತಿರುತ್ತದೆ. ತೊಳೆದು, ಮೂರು ದಿನ ಒಣಗಿಸಿ, ಪಾಲಿಶ್ ಪೇಪರಿನಲ್ಲಿ ಉಜ್ಜಿದ ಮೇಲೆ ಮಾದೇವ ಕಣ್ಣು ಮುಚ್ಚಿ ಅಂಗೈಯನ್ನು ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. ನನ್ನ ಕಣ್ಣಿಗೆ ಅಲ್ಲಿ ಏನೂ ಇರುತ್ತಿರಲಿಲ್ಲ, ಅವನು ಮತ್ತೆ ಉಜ್ಜುತ್ತಿದ್ದ. ಕೊನೆಗೆ "ಆತು" ಎಂದರೆ ಆಯಿತು. ಮನೆಯವರು ಮುಟ್ಟಿಯೂ ನೋಡುತ್ತಿರಲಿಲ್ಲ. ಮಾದೇವನ ಅಂಗೈ ಹೇಳಿದ ಮೇಲೆ ಮುಗಿಯಿತು ಎಂಬ ಮಾತು ವಜ್ರಳ್ಳಿಯವರೆಗೂ ಇತ್ತು.

ಕಳೆದ ಡಿಸೆಂಬರಿನಲ್ಲಿ ಬನವಾಸಿ ಕಡೆಯ ದಾಕ್ಷಾಯಿಣಿ ಎಂಬವರ ಮನೆಗೆ ಹೋದೆವು. ಅವರ ಮನೆಯ ಹಲಗೆ ಜಗಲಿ ಚಂದಕ್ಕೆ ಮಾಡಿಸಿದ್ದಲ್ಲ. ಅವರ ಅತ್ತೆ ಪಾರ್ವತವ್ವನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿ ಅವರಿಗೆ ಒಗ್ಗಲಿಲ್ಲ. ಎರಡೂ ಅಂಗೈ ಊರಿ, ಮೈ ಎಳೆದುಕೊಂಡು, ಅಡುಗೆಮನೆಯಿಂದ ಕೆರೆ ಕಾಣುವ ಹಿತ್ತಲವರೆಗೆ ತೆವಳಿಕೊಂಡೇ ಹೋಗುತ್ತಾರೆ. ಟೈಲ್ಸು ತಂಡಿ ಎಂದು ಮಗ ಹಲಗೆ ಹೊಡೆಸಿಕೊಟ್ಟಿದ್ದ. ಅದು ಕಪ್ಪಾಗಿ ಜಾರುತ್ತಿತ್ತು.

ತೊಳೆದೆವು. ಒಣಗಲು ಬಿಟ್ಟು ನಾಲ್ಕನೆಯ ದಿನ ಹೋಗಿ ಉಜ್ಜಿದೆವು. ಮಾದೇವ ಎಂದಿನಂತೆ ಕಣ್ಣು ಮುಚ್ಚಿ ಅಂಗೈ ಎಳೆದ. ಕೈ ಎಲ್ಲೂ ನಿಲ್ಲಲಿಲ್ಲ. ಒಂದೇ ಸಲಕ್ಕೆ "ಆತು" ಎಂದ. ನನಗೋ ಹೊಟ್ಟೆ ಹಸಿದಿತ್ತು, ಖುಷಿಯೇ ಆಯಿತು. ಮೇಲೆ ಅಗಸೆ ಎಣ್ಣೆ ಸವರಿ, ಒರಲೆ ಹತ್ತದಿರಲೆಂದು ಅಡಿಯ ಕಂಬ, ತೊಲೆಗಳಿಗೆ ಗೇರೆಣ್ಣೆ ಬಳಿದೆವು. ಗೇರೆಣ್ಣೆ ಗೊತ್ತಲ್ಲ, ಗೇರುಬೀಜದ ಸಿಪ್ಪೆಯದು, ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಮೆತ್ತಿಕೊಳ್ಳುವುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಮೊಣಕೈವರೆಗೆ ಮೆತ್ತಿಕೊಂಡು ಬಾಟಲಿಯನ್ನು ಅವನ ಕಡೆ ದೂಡಿದೆ. ಅವನು ಅದನ್ನು ಮುಟ್ಟಲಿಲ್ಲ. ಬ್ರಶ್ಶಿನಿಂದ ಎಣ್ಣೆ ಅವನ ಬೆರಳ ಸಂದಿಗೆ ಇಳಿಯುತ್ತಿದ್ದದ್ದನ್ನು ನಾನು ನೋಡಲಿಲ್ಲ, ಅವನಿಗೆ ತಿಳಿಯಲಿಲ್ಲ.

ತಿಳಿದದ್ದು ಅಕ್ಕನಿಗೆ. ಸಂಜೆ ಚಾ ಕೊಡುವಾಗ ಅವಳ ಕೈ ಅಲ್ಲೇ ನಿಂತಿತು.

"ಎಂತ ಆಗ್ಯದೆ ಬೆರಳಿಗೆ?"

"ಎಂತದೂ ಇಲ್ಲ."

"ತೋರ್ಸಿ ಇಲ್ಲಿ."

ನಾಲ್ಕು ಬೆರಳಿನ ತುದಿ, ಅಂಗೈ ಅರ್ಧ ಬೊಬ್ಬೆ ಎದ್ದು ಒಡೆದಿತ್ತು. ಬಿಸಿ ಲೋಟವನ್ನು ಅದೇ ಕೈಯಲ್ಲಿ ಹಿಡಿದುಕೊಂಡು ಅವನು ಚಾ ಕುಡಿಯುತ್ತಿದ್ದ. ಅಕ್ಕ ಲೋಟ ಕಸಿದು ಕೆಳಗಿಟ್ಟಳು.

"ಉರೀತಿಲ್ಲನಾ?"

ಅವನು ನಮ್ಮಿಬ್ಬರನ್ನೂ ನೋಡದೆ ಹೇಳಿದ. ಗನ್ನು ಹಿಡಿದೂ ಹಿಡಿದೂ, ಅದರ ನಡುಕಕ್ಕೆ ಎರಡು ವರ್ಷದ ಹಿಂದೆ ಬೆರಳ ತುದಿಗೆ ಜೋಮು ಹಿಡಿಯಲು ಶುರುವಾಗಿತ್ತು. ಮೊದಲು ಬಿಡುತ್ತಿತ್ತು, ಹೋದ ಮಳೆಗಾಲದಿಂದ ಬಿಡಲೇ ಇಲ್ಲ. ನಮಗೆ ಹೇಳದೆ ಡಾಕ್ಟರಿಗೆ ತೋರಿಸಿದ್ದ. ಮಷಿನ್ ಬಿಡಬೇಕು, ಹೋದದ್ದು ಪೂರ್ತಿ ವಾಪಸು ಬರುತ್ತದೆಂದು ಹೇಳಲಾಗದು ಎಂದಿದ್ದರಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾರೆ ಇವತ್ತು ಆತು ಅಂದಿದ್ದು ಎಂತ ನೋಡಿ, ಭಾವ?"

"ರೂಢಿ ಮೇಲೆ ಅಂದೆ."

ಮೂರನೆಯ ದಿನವೇ ದಾಕ್ಷಾಯಿಣಿಯವರ ಫೋನು ಬಂತು. ಬೈದಿದ್ದರೆ ಚೆನ್ನಾಗಿತ್ತು. "ಮಾದೇವಣ್ಣ, ನಮ್ಮ ಅತ್ತಿ ಅಂಗೈಯಾಗ ಸಿಬಿರು ಹೊಕ್ಕಾವ್ರಿ. ನಿನ್ನೆಯಿಂದ ಒಂಬತ್ತು ತೆಗದೀನಿ. ಕೈ ಊರಾಕ ಆಗವಲ್ದು, ಕುಂತಲ್ಲೇ ಕುಂತಾರ. ನೀವೊಮ್ಮೆ ಬಂದು ನೋಡ್ರಿ." ಅಷ್ಟೇ ಹೇಳಿ ಇಟ್ಟರು.

ಮಾದೇವ ಫೋನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತ. ಮರವೇ ಸರಿಯಿಲ್ಲ, ಹಸಿಮರ ಹಾಕಿಸಿದ್ದಾರೆ ಎಂದು ಹೇಳಿಬಿಡೋಣ ಎಂದೆ. ನಾನು ಅಂಥವನೇ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾದೇವನ ಕೈಗೆ ಮರ ತಿಳಿಯುವುದಿಲ್ಲ ಎಂದು ಒಂದು ಕಡೆ ಗೊತ್ತಾದರೆ ಮೂರು ತಾಲೂಕಿಗೂ ಗೊತ್ತಾದಂತೆ. ಮತ್ತೆ ಯಾರೂ ಹಲಗೆ ಕೆಲಸಕ್ಕೆ ಕರೆಯುವುದಿಲ್ಲ. ಕಲ್ಲು ತೊಳೆಯಲು ಈಗ ಊರಿಗೊಬ್ಬ ಮಷಿನ್ ಇಟ್ಟುಕೊಂಡವನಿದ್ದಾನೆ. ಮರ ಬಿಟ್ಟರೆ ಮಾದೇವನಿಗೆ ಬೇರೆ ವಿದ್ಯೆಯಿಲ್ಲ, ನಲವತ್ತೆಂಟನೆಯ ವಯಸ್ಸಿನಲ್ಲಿ ಹೊಸದು ಕಲಿಯುವ ಉಮೇದೂ ಇಲ್ಲ.

"ಮಷಿನ್ ಮಾರಿಬಿಡೂದು. ಸಾಕಾಗಿ ಹೋಗ್ಯದೆ ನಂಗೆ" ಎಂದ. ಸಿಟ್ಟಿನಲ್ಲಿ ಹೇಳಿದ್ದಲ್ಲ, ದಣಿದು ಹೇಳಿದ್ದು. ಅದಕ್ಕೇ ನನಗೆ ಹೆದರಿಕೆಯಾಯಿತು.

"ಮಾರಿ. ಆದ್ರೆ ಆ ಅಮ್ಮನ ಜಗಲಿ ಸಮ ಮಾಡಿಕೊಟ್ಟು ಮಾರಿ. ನಾನೂ ಬತ್ತೆ" ಎಂದಳು ಅಕ್ಕ.

ಅದು ಅಡಿಕೆ ಸುಲಿಯುವ ಹಂಗಾಮು. ಇಪ್ಪತ್ತು ವರ್ಷದಿಂದ ಸಿದ್ದಾಪುರದ ಒಂದೇ ಮನೆಗೆ ಅಡಿಕೆ ಸುಲಿಯಲು ಹೋಗುವವಳು, ಜ್ವರ ಬಂದರೂ ತಪ್ಪಿಸದವಳು, ಅವತ್ತು ರಜೆ ಹೇಳಿ ಗಾಡಿ ಹತ್ತಿದಳು.

"ಬರ್ರಿ" ಎಂದರು ದಾಕ್ಷಾಯಿಣಿ. ಪಾರ್ವತವ್ವ ಅಡುಗೆಮನೆಯ ಗೋಡೆಗೆ ಒರಗಿ ಕುಳಿತಿದ್ದರು. ಎರಡೂ ಅಂಗೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದರು. ಕೆರೆ ಕಾಣುವ ಕಡೆಗೆ ಮುಖ ಮಾಡಿದ್ದರು, ಅಲ್ಲಿಂದ ಕೆರೆ ಕಾಣುವುದಿಲ್ಲ.

ದಾರಿಯಲ್ಲಿ ನಾನು ಹಸಿಮರದ ಕಥೆಯನ್ನು ಇನ್ನೊಮ್ಮೆ ನೆನಪಿಸಿದ್ದೆ. ಮಾದೇವ ಅವರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೊಬ್ಬೆ ಒಡೆದ ಕೈ ಚಾಚಿದ.

"ಅವ್ವಾ, ಮರದ್ದು ತಪ್ಪಿಲ್ಲ. ನನ್ನ ಕೈಗೆ ಎಂತದೂ ಗೊತ್ತಾಗೂದಿಲ್ಲ. ಗೊತ್ತಾದಾಂಗೆ ಮಾಡಿದೆ."

ನಾನು ನೆಲ ನೋಡಿದೆ. ಹನ್ನೊಂದು ವರ್ಷದ ಹೆಸರು ಒಂದು ಮಾತಿಗೆ ಹೋಯಿತು ಎಂದುಕೊಂಡೆ.

ಪಾರ್ವತವ್ವ ಅವನ ಕೈಯನ್ನು ಹೊರಳಿಸಿ ನೋಡಿದರು. "ನನಗ ಕಾಲಿಲ್ಲ, ನಿನಗ ಕೈಯಿಲ್ಲ. ಛಲೋ ಕೂಡೇವಿ ನೋಡಪಾ" ಎಂದರು. ಆಮೇಲೆ ಸೊಸೆಗೆ, "ಇವರಿಗೆ ಚಾ ಕೊಡವ್ವ, ಕೆಲಸ ಭಾಳ ಐತಿ" ಎಂದರು.

ಕೆಲಸ ಬಹಳವೇ ಇತ್ತು. ಎಣ್ಣೆ ಕುಡಿದ ಹಲಗೆಯನ್ನು ಮತ್ತೆ ಉಜ್ಜುವುದು ಉಂಡ ಎಲೆಯಲ್ಲಿ ಮತ್ತೆ ಬಡಿಸಿದ ಹಾಗೆ, ಯಾರಿಗೂ ಮನಸ್ಸು ಬರುವುದಿಲ್ಲ. ಮಾದೇವ ಉಜ್ಜಿದ, ನಾನು ಉಜ್ಜಿದೆ. ಪರೀಕ್ಷೆ ಅಕ್ಕನದು ಎಂದಾಯಿತು. ಅವಳು ಮಂಡಿಯೂರಿ ಅಂಗೈ ಎಳೆದಳು, ನಿಲ್ಲಿಸಿದಳು, ಮತ್ತೆ ಎಳೆದಳು. ಆಮೇಲೆ ಕೈಯನ್ನು ಎತ್ತಿ ತಾನೇ ನೋಡಿಕೊಂಡಳು. ಇಪ್ಪತ್ತು ವರ್ಷ ಅಡಿಕೆ ಸುಲಿದ ಕೈ, ಅಡಿಕೆ ಚೊಗರಿನ ಕಲೆಗೆ ಕಪ್ಪಾಗಿ, ಕತ್ತಿಯ ಗೀರಿನ ಮೇಲೆ ಗೀರು ಬಿದ್ದು ದಡ್ಡು ಕಟ್ಟಿತ್ತು.

"ನಂದೂ ಅಷ್ಟೇಯ. ಎಲ್ಲ ನುಣ್ಣಗೇ ಕಾಣ್ತದೆ" ಎಂದಳು.

ನನ್ನ ಕೈ ಹಿಡಿದು ನೋಡಿದಳು. ಸ್ಟಿಯರಿಂಗು, ಪೈಪು ಹಿಡಿದ ಕೈ, ಅದೂ ಆಗುವಂಥದ್ದಲ್ಲ. ಮೂವರೂ ಆ ಜಗಲಿಯ ಮೇಲೆ ಅಂಗೈ ಮೇಲೆ ಮಾಡಿಕೊಂಡು ಕುಳಿತೆವು. ದುಡಿದು ತಿನ್ನುವವರಲ್ಲಿ ಮರ ಮುಟ್ಟಿ ನೋಡುವಂಥ ಒಂದು ಕೈಯೂ ಇರಲಿಲ್ಲವಲ್ಲ ಎಂದು ನನಗೆ ಅಳುವೇ ಬಂತು.

ಆಗ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಎಡಗೆನ್ನೆಯನ್ನು ಹಲಗೆಗೆ ಇಟ್ಟಳು. ಮಲಗಿದವಳ ಹಾಗೆ ಮೆಲ್ಲಗೆ ಮುಂದಕ್ಕೆ ಎಳೆದಳು.

"ಇಲ್ಲಿ ಅದೆ" ಎಂದಳು. ಮಾದೇವ ಅಲ್ಲಿ ಉಜ್ಜಿದ. "ಇಲ್ಲೂ ಅದೆ." ಮತ್ತೆ ಉಜ್ಜಿದ. ಹದಿನೆಂಟು ಹಲಗೆ, ಒಂದೊಂದೂ ಹತ್ತು ಅಡಿ. ಮಧ್ಯಾಹ್ನದ ಊಟಕ್ಕೆ ದಾಕ್ಷಾಯಿಣಿ ಮೂರು ಸಲ ಕರೆದರು. ಒಂದು ಕಡೆ ಮಾದೇವ "ಇಲ್ಲಿ ಆತು ಕಾಣ್ತದೆ" ಎಂದ. ಅಕ್ಕ ಕೆನ್ನೆ ಇಟ್ಟು "ಆಗಲಿಲ್ಲ" ಎಂದಳು. ಅವನ ಮಾತಿಗೆ ಒಬ್ಬರು ಎದುರು ಹೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅವನು ಪೇಪರು ಮಡಚಿ ಮತ್ತೆ ಶುರುಮಾಡಿದ.

ನಾಲ್ಕೂವರೆಗೆ ಮುಗಿಯಿತು. ಎಣ್ಣೆಗೆ ಇನ್ನೊಮ್ಮೆ ಬರುತ್ತೇವೆ ಎಂದೆವು. ಅಲ್ಲಿಯವರೆಗೆ ಕಾಯಿರಿ ಎಂದರೆ ಪಾರ್ವತವ್ವ ಕೇಳಲಿಲ್ಲ. ಕೈಗೆ ಸುತ್ತಿದ ಬಟ್ಟೆಯನ್ನು ಹಲ್ಲಿನಿಂದಲೇ ಬಿಚ್ಚಿ ಎಸೆದು ಹೊಸ್ತಿಲು ದಾಟಿದರು. ಒಂದು ಕೈ, ಇನ್ನೊಂದು ಕೈ, ಆಮೇಲೆ ಮೈ. ನಡುವೆ ಒಂದು ಸಲ ನಿಂತರು. ಮಾದೇವ ಕಣ್ಣು ಮುಚ್ಚಿಕೊಂಡ. ಅವರು ನಿಂತದ್ದು ದಣಿವಾರಿಸಿಕೊಳ್ಳಲು. ಕೊನೆಯ ಹಲಗೆಯವರೆಗೆ ಹೋಗಿ ಕೆರೆಯನ್ನು ಒಂದಷ್ಟು ಹೊತ್ತು ನೋಡಿ, ಅಕ್ಕನನ್ನು ಹತ್ತಿರ ಕರೆದರು.

"ಹಲಗಿ ನುಣುಪಾತು. ನಿನ್ನ ಗಲ್ಲ ಒರಟಾತಲ್ಲವ್ವ" ಎಂದರು.

ಅಕ್ಕನ ಕೆನ್ನೆ ಕೆಂಪಾಗಿ, ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಸಣ್ಣ ಸಣ್ಣ ಗೀರು ಎದ್ದಿದ್ದವು. ನಾವಿಬ್ಬರೂ ದಿನವಿಡೀ ಹಲಗೆಯನ್ನೇ ನೋಡಿದ್ದೆವು.

ವಾಪಸು ಬರುವಾಗ ಗಾಡಿಯ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿ ಕುಳಿತಿದ್ದೆವು, ಅಕ್ಕ ನಡುವೆ. ಸಿರ್ಸಿ ದಾಟಿತು. ಇನ್ನು ಮೇಲೆ ಗನ್ನು ನಾನೇ ಹಿಡಿಯುತ್ತೇನೆ, ಕೈಗವಸು ಹಾಕಿಕೊಂಡು ಹಿಡಿಯುತ್ತೇನೆ ಎಂದು ನಾನೇ ಹೇಳಿದೆ. ಸ್ವಲ್ಪ ಹೊತ್ತಿಗೆ ಮಾದೇವ ಕೈ ಎತ್ತಿದ್ದು ಕಂಡಿತು. ಬೆರಳು ಮಡಚಿಕೊಂಡು, ಮಣಿಕಟ್ಟಿನ ಒಳಭಾಗವನ್ನು ಅಕ್ಕನ ಕೆನ್ನೆಗೆ ಇಟ್ಟ. ಅಲ್ಲಿ ಅವನಿಗೆ ಇನ್ನೂ ತಿಳಿಯುತ್ತಿತ್ತು.

"ಉರೀತದಾ?" ಎಂದು ಕೇಳಿದ.

"ನಾಳೆ ನಂದೊಳ್ಳಿದು ಅಂಗಳವಾ, ಹಲಗೆಯಾ?" ಎಂದಳು ಅಕ್ಕ.

"ಹಲಗೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾರೆ ಸಿದ್ದಾಪುರದಲ್ಲಿ ಒಂಚೂರು ನಿಲ್ಸು ಉಲ್ಲಾಸ. ಅಡಿಕೆ ಮನೆಗೆ ಹೇಳಿ ಹೋಗ್ವ, ಇನ್ನು ಬರೂದಿಲ್ಲ ಅಂತ."