ಹಾಲವ್ವನಿಗೆ ಆಗಿಬರದ ಕಸ

ಹಂಸಭಾವಿಯ ಹಾಲವ್ವ ಕಳೆ ತೆಗೆಯಲು ಕುಳಿತರೆ ಉಳಿದ ಹೆಣ್ಣುಮಕ್ಕಳು ಅರ್ಧ ಸಾಲು ಹಿಂದೆ ಬೀಳುತ್ತಿದ್ದರು. ಗೋವಿನಜೋಳದ ಸ್ವಂತ ಹೊಲವಿದ್ದರೂ ಮುಯ್ಯಿಗೆಂದು ಊರವರ ಹೊಲಕ್ಕೂ ಹೋಗುವವಳು. ಬದುವಿನ ಮೇಲೆ ಕಾಂಗ್ರೆಸ್ ಕಸ ಎದೆಮಟ್ಟ ನಿಂತಿದ್ದರೆ ಬೇರೆಯವರು ಕುಡುಗೋಲು ಹುಡುಕುತ್ತಿದ್ದರು. ಹಾಲವ್ವ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಬರಿಗೈಯಲ್ಲೇ ಬುಡಸಮೇತ ಕಿತ್ತು ಒಗೆಯುತ್ತಿದ್ದಳು.

ಒಂದು ಮಳೆಗಾಲದ ಕೊನೆಗೆ ಅವಳ ಕಣ್ಣರೆಪ್ಪೆಗಳಲ್ಲಿ ತುರಿಕೆ ಶುರುವಾಯಿತು. ಆಮೇಲೆ ಕುತ್ತಿಗೆ, ಮೊಣಕೈಯ ಒಳಮಡಿಕೆ. ಅರಿಶಿನ ಹಚ್ಚಿದಳು, ಬೇವಿನ ಎಲೆ ಅರೆದು ಬಳಿದುಕೊಂಡಳು. ಚಳಿಗಾಲಕ್ಕೆ ತಣ್ಣಗಾದದ್ದು ಮುಂದಿನ ಮಳೆಗೆ ಮತ್ತೆ ಬಂತು. ಎರಡು ಮೂರು ವರ್ಷದಲ್ಲಿ ಮುಖವೆಲ್ಲ ಕಪ್ಪಾಗಿ, ಚರ್ಮ ದಪ್ಪಗಾಗಿ, ಹಣೆಯ ಗೆರೆಗಳು ಉತ್ತ ಸಾಲಿನಂತೆ ಕಾಣತೊಡಗಿದವು. ಅಂಗೈ ಬಿರಿದು ನೀರೊಸರಿತು. ಹಿರೇಕೆರೂರಿನ ಡಾಕ್ಟರು ಕೊಟ್ಟ ಗುಳಿಗೆ ನುಂಗಿದಷ್ಟು ದಿನ ಆರಾಮ, ಬಿಟ್ಟ ಮರುವಾರ ಮೊದಲಿಗಿಂತ ಜೋರು.

ಒಂದು ದಿನ ನಳದ ಹತ್ತಿರ ಪಕ್ಕದ ಮನೆಯ ಸಿದ್ದವ್ವ ತನ್ನ ಕೊಡವನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡಳು.

"ತಪ್ಪ ತಿಳಕೋಬ್ಯಾಡ ಹಾಲವ್ವಾ. ಮನ್ಯಾಗ ಸಣ್ಣ ಹುಡುಗ್ರದಾರ."

ಮರುದಿನದಿಂದ ನೀರಿಗೆ ಗಂಡ ಉಳವಪ್ಪನೇ ಹೋದ. ಅದೇ ವಾರ ಅವಳನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೂ ಕರೆದುಕೊಂಡು ಹೋದ.

ಅಲ್ಲಿನ ಚರ್ಮದ ಡಾಕ್ಟರು ನಸೀರಾ, ಇನ್ನೂ ಎಳೆಯ ವಯಸ್ಸಿನವರು. ಬೆನ್ನಿಗೆ ಒಂದೊಂದಕ್ಕೆ ಒಂದೊಂದು ವಸ್ತು ಸವರಿದ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ಕರೆದರು. ತೆಗೆದು ನೋಡಿದರೆ ಒಂದರ ಕೆಳಗೆ ಮಾತ್ರ ಕೆಂಪಗೆ ಉಬ್ಬಿ ನೀರುಗುಳ್ಳೆ ಎದ್ದಿತ್ತು.

"ಇದು ಅಂಟುಜಡ್ಡು ಅಲ್ರಿ ಅವ್ವಾರ. ಕಾಂಗ್ರೆಸ್ ಕಸ ನಿಮಗ ಆಗಿಬರಂಗಿಲ್ಲ. ಮುಟ್ಟಬೇಕಂತಾನೂ ಇಲ್ಲ, ಅದರ ಪುಡಿ ಗಾಳ್ಯಾಗ ತೇಲಿ ಬಂದು ಮೈಗೆ ಕುಂತ್ರೂ ಸಾಕು."

"ಹುಟ್ಟಿದಾಗಿಂದ ಕಿತ್ತೇನ್ರಿ ಅದನ್ನ. ಆವಾಗೆಲ್ಲ ಇಲ್ಲದ್ದು ಈಗ್ಯಾಕ್ರಿ?"

"ಇದರ ಗುಣಾನ ಹಂಗೈತ್ರಿ. ಜಡ್ಡಿನ ಜೋಡಿ ಬಡದಾಡೋ ಶಕ್ತಿ ಮೈಯಾಗ ಇರತೈತಲ್ರಿ, ಅದು ಇಷ್ಟು ವರ್ಷ ಸುಮ್ಮನಿತ್ತು. ಈಗ ಕಸಾನ ವೈರಿ ಅಂತ ತಿಳಕೊಂಡೈತಿ. ಒಮ್ಮೆ ತಿಳಕೊಂಡ್ರ ಮರಿಯಂಗಿಲ್ಲ."

"ಮರೆಸೋ ಔಷಧ ಇಲ್ಲೇನ್ರಿ?"

"ಇನ್ನೂ ಇಲ್ರಿ. ಕಸ ಇರೋ ಕಡೆ ಹೋಗಬ್ಯಾಡ್ರಿ, ಮೈತುಂಬ ಹೊದ್ದುಕೊಳ್ರಿ."

"ಅದು ಇಲ್ಲದ ಜಾಗಾ ಯಾವುದೈತ್ರಿ, ಹೇಳ್ರಿ, ಅಲ್ಲೇ ಇಡ್ತೇನಿ ಇಕೀನ್ನ," ಎಂದ ಉಳವಪ್ಪ. ಅವನು ಕುಹಕವಾಡಿರಲಿಲ್ಲ, ನಿಜವಾಗಿಯೂ ಕೇಳಿದ್ದ.

ಊರಿಗೆ ಬಂದವನೇ ಮನೆಯ ಸುತ್ತಲಿನ ಕಸವನ್ನೆಲ್ಲ ಕಿತ್ತು ಸುಟ್ಟ. ಪಕ್ಕದ ಖಾಲಿ ಜಾಗದಲ್ಲಿ ಔಷಧ ಹೊಡೆದ. ಶಾಲೆಯ ಹಿಂದೆ ಕಿತ್ತ. ಒಂದು ಮಳೆ ಬಿದ್ದದ್ದೇ ತಡ, ಎಲ್ಲಾ ಕಡೆ ಹಸಿರು ಸಸಿ ಎದ್ದು ನಿಂತವು. ಊರಾಚೆಯ ರಸ್ತೆಯ ಎರಡೂ ಬದಿಗೆ ಅಂತೂ ಕಣ್ಣು ಹಾಯುವವರೆಗೆ ಬಿಳಿ ಹೂವು.

ಅಷ್ಟರಲ್ಲಿ ಶಿಗ್ಗಾಂವಿಗೆ ಕೊಟ್ಟ ಮಗಳು ನೇತ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಊರಲ್ಲಿ ಎಷ್ಟೋ ಮನೆಯ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆದವಳು ಹಾಲವ್ವ. ಸ್ವಂತ ಮೊಮ್ಮಗು ಬರುವ ಹೊತ್ತಿಗೆ ಕೈ ಹೀಗೆ. ಮತ್ತೆ ಹುಬ್ಬಳ್ಳಿಗೆ ಹೋದಾಗ ನಸೀರಾ ಡಾಕ್ಟರು ಹೊಸ ಸುದ್ದಿ ಹೇಳಿದರು. ಕೀಲುಬಾವಿನವರಿಗೆ ಕೊಡುವ ಒಂದು ಗುಳಿಗೆಯನ್ನು ಈಚೆಗೆ ಈ ಕಸದ ಜಡ್ಡಿನವರಿಗೂ ಕೊಟ್ಟು ನೋಡುತ್ತಿದ್ದಾರೆ, ಕೆಲವರಿಗೆ ಗುಣ ಕಂಡಿದೆ; ಕೊಡುವ ಮೊದಲು ರಕ್ತ, ಎದೆ ತಪಾಸಣೆ ಆಗಬೇಕು. ಹಾಲವ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದಳು. ಬಹಳ ದಿನಗಳ ಮೇಲೆ ಅವಳ ಮಾತು ಕೇಳಿ ಉಳವಪ್ಪನಿಗೂ ಹುರುಪು ಬಂತು.

ಮುಂದಿನ ಸಲ ಹೋದಾಗ ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು.

"ನಿಮಗ ಹಿಂದ ಟಿಬಿ ಆಗಿತ್ತೇನ್ರಿ?"

"ಲಗ್ನಾದ ಹೊಸದಾಗ ಆಗಿತ್ತ್ರಿ. ಗುಳಿಗಿ ತಿಂದು ಆರಾಮಾದ್ನಿ."

"ಈ ಹೊಸ ಗುಳಿಗಿ ಜಡ್ಡಿನ ಜೋಡಿ ಬಡದಾಡೋ ಆ ಶಕ್ತೀನ ಕುಗ್ಗಸತೈತ್ರಿ. ಆಗ ಹಳೇ ಟಿಬಿ ಮತ್ತ ಎದ್ದರ? ಮನ್ಯಾಗ ಹಸುಗೂಸು ಬರೋದೈತಿ. ನನಗ ಧೈರ್ಯ ಇಲ್ರಿ ಅವ್ವಾರ."

ಹಾಲವ್ವ ತಲೆಯಾಡಿಸಿದಳು. ಬೈಯಲು ಯಾರೂ ಸಿಗಲಿಲ್ಲ. ಹಳೆಯ ಮುಲಾಮನ್ನೇ ತೆಗೆದುಕೊಂಡು ತಿರುಗಿ ಬಂದರು.

ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ಎರೆಯಲು ಉಳವಪ್ಪ ಸಿದ್ದವ್ವನನ್ನೇ ಕೇಳಬೇಕಾಯಿತು. ಓಣಿಯಲ್ಲಿ ಆ ಕೆಲಸ ಬಲ್ಲವಳು ಇನ್ನವಳೇ. ಅಂಟುಜಡ್ಡಲ್ಲವೆಂದು ಡಾಕ್ಟರು ಹೇಳಿದ್ದನ್ನು ಕೇಳಿ ಅವಳೂ ತಕರಾರಿಲ್ಲದೆ ಬಂದಳು. ಬಚ್ಚಲಲ್ಲಿ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡಳು. ಬಿಸಿನೀರಿನ ಹಬೆ ತಾಗಿದರೆ ಹಾಲವ್ವನ ಮುಖ ಉರಿಯುತ್ತಿತ್ತು, ಅದಕ್ಕೇ ಬಾಗಿಲಾಚೆ ನಿಂತಳು.

"ಕುತಗಿ ಹಿಡಕೋ... ಹಂಗಲ್ಲ, ಕೈ ಕೆಳಗ ತಾ."

"ನನಗೊತ್ತೈತಿ ಬಿಡಬೇ," ಎಂದಳು ಸಿದ್ದವ್ವ. ಅವಳಿಗೆ ಗೊತ್ತೂ ಇತ್ತು.

ನೇತ್ರಾ ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿ ತಂದು ಅವ್ವನ ತೊಡೆಯ ಮೇಲಿಟ್ಟಳು. ಅದು ಕೈ ಆಡಿಸುತ್ತ ಅವಳ ಗಲ್ಲದ ಬಿರುಕನ್ನು ಗೀರಿತು. ಉರಿಗೆ ಕಣ್ಣಲ್ಲಿ ನೀರು ಬಂತು.

"ನೋಯಾಕತ್ತೈತೇನಬೇ? ಕೊಡು ಇತ್ತ."

"ಇರ್ಲಿ, ಇನ್ನೊಂದೀಟು," ಎಂದಳು ಹಾಲವ್ವ.

ನೇತ್ರಾಳನ್ನು ಅತ್ತೆಮನೆಗೆ ಕಳಿಸುವ ಹೊತ್ತಿಗೆ ಮತ್ತೆ ಮಳೆಗಾಲ, ಮತ್ತೆ ಹೂವು. ಹಾಲವ್ವ ಬಸ್‌ಸ್ಟ್ಯಾಂಡಿನವರೆಗೂ ಹೋಗುವಂತಿರಲಿಲ್ಲ. ಕಿಟಕಿ, ಬಾಗಿಲು ಮುಚ್ಚಿದ ಮನೆಯೊಳಗೆ ಒಬ್ಬಳೇ ಕುಳಿತಳು. ಮಧ್ಯಾಹ್ನ ಉಳವಪ್ಪ ತಿರುಗಿ ಬಂದ ಸಪ್ಪಳವಾಯಿತು. ಹೊರಗಿನ ಧೂಳು ಹತ್ತಿದ ಬಟ್ಟೆಯಲ್ಲಿ ಅವನು ಒಳಗೆ ಬರುವ ಹಾಗಿಲ್ಲ. ಹಿತ್ತಲಲ್ಲಿ ಮೈ ತೊಳೆದುಕೊಂಡೇ ಬರಬೇಕು. ಅಷ್ಟು ಹೊತ್ತು ಕಾಯಲು ಅವಳಿಂದ ಆಗಲಿಲ್ಲ. ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ ಕೇಳಿದಳು:

"ಕೂಸು ಅತ್ತಿತೇನು?"

"ಇಲ್ಲ. ಬಸ್ ಹತ್ತಿದ್ದ ತಡ, ಮಲಗಿತು."

ಹಿತ್ತಲಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಹಾಲವ್ವ ಎದ್ದು ರೊಟ್ಟಿಗೆ ಹಂಚು ಇಡಲು ಹೋದವಳು, ಒಲೆಯ ಝಳ ನೆನಪಾಗಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು.